ಗುಲಾಮಗಿರಿಯ ಜಗಳ ಯುದ್ಧವಾದದ್ದು ಹೇಗೆ? ರಿಚ್‌ಮಂಡ್‌ನ ಓದುಗರಿಗೊಂದು ಉತ್ತರ

ಪ್ರಶ್ನೆ: ನಮ್ಮದು ಗದಗದ ಕಡೆ. ಹನ್ನೊಂದು ವರ್ಷದಿಂದ ಅಮೆರಿಕದ ವರ್ಜೀನಿಯಾದಲ್ಲಿ, ರಿಚ್‌ಮಂಡ್ ಹೊರವಲಯದಲ್ಲಿದ್ದೇವೆ. ಮಗಳು ಎಂಟನೇ ಕ್ಲಾಸು, ಉತ್ತರ, ದಕ್ಷಿಣದ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾರಣಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಗುಲಾಮಗಿರಿಯೇ ಕಾರಣ ಅಂತ ಅವಳು ಬರೆದದ್ದನ್ನು ನೋಡಿ ಪಕ್ಕದ ಮನೆಯ ಹಿರಿಯರು, ‘ಅದು ಗೆದ್ದವರು ಕಟ್ಟಿದ ಕಥೆ. ಯುದ್ಧ ಆದದ್ದು ರಾಜ್ಯಗಳ ಹಕ್ಕಿಗೆ, ಸುಂಕಕ್ಕೆ. ನಮ್ಮ ಹಿರೀಕರ ಮನೆಯಲ್ಲಿ ಒಬ್ಬ ಗುಲಾಮನೂ ಇರಲಿಲ್ಲ, ಆದರೂ ಬಂದೂಕು ಹಿಡಿದರು’ ಅಂದರು. ತುಂಬ ಒಳ್ಳೆಯ ಮನುಷ್ಯ. ನಾವು ಊರಿಗೆ ಬಂದಾಗ ನಮ್ಮ ಗಿಡಗಳಿಗೆ ನೀರು ಹಾಕುವವರು ಅವರೇ. ಆಫೀಸಿನಲ್ಲಿ ಇನ್ನೊಬ್ಬರು ಲಿಂಕನ್‌ರ ಪತ್ರವೊಂದನ್ನು ತೋರಿಸಿ, ಗುಲಾಮರನ್ನು ಬಿಡಿಸುವ ಉದ್ದೇಶ ಅವರಿಗೇ ಇರಲಿಲ್ಲ ಅಂತಾರೆ. ಮಗಳ ಪ್ರಶ್ನೆ ಬೇರೆ: ‘ಅಪ್ಪಾ, ಸರ್ಕಾರ ದುಡ್ಡು ಕೊಟ್ಟು ಎಲ್ಲರನ್ನೂ ಬಿಡಿಸಬಹುದಿತ್ತಲ್ವಾ? ಅಷ್ಟು ಜನ ಯಾಕೆ ಸಾಯಬೇಕಿತ್ತು?’ ನನಗಂತೂ ಟಿವಿಯಲ್ಲಿ ದಿನಾ ಕಿತ್ತಾಟ ನೋಡಿ ನೋಡಿ ಒಂದೇ ಯೋಚನೆ. ಇಂಥ ಜಗಳ ಯಾವ ಹಂತದಲ್ಲಿ ಕೈಮೀರುತ್ತದೆ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಪತ್ರ ಓದಿ ನನ್ನ ಕ್ಲಾಸುಗಳು ನೆನಪಾದವು. ಧಾರವಾಡದಲ್ಲಿ ಮೂವತ್ತು ವರ್ಷ ಬಿಎ ಹುಡುಗರಿಗೆ ಅಮೆರಿಕದ ಇತಿಹಾಸ ಕಲಿಸಿದವನು ನಾನು. ‘ಅಂತರ್ಯುದ್ಧದ ಕಾರಣಗಳನ್ನು ವಿವರಿಸಿ’ ಅಂತ ಹತ್ತು ಅಂಕದ ಪ್ರಶ್ನೆ ಬಂತೆಂದರೆ ಗೈಡಿನಿಂದ ಬಾಯಿಪಾಠ ಮಾಡಿದ ಎಂಟು ಕಾರಣ ಸಾಲಾಗಿ ನಿಲ್ಲುತ್ತಿದ್ದವು. ಆರ್ಥಿಕ ಭಿನ್ನತೆ, ಸುಂಕ, ರಾಜ್ಯಗಳ ಹಕ್ಕು, ಗುಲಾಮಗಿರಿ, ಲಿಂಕನ್ ಆಯ್ಕೆ... ತಲಾ ಒಂದೂಕಾಲು ಅಂಕ. ಹಾಗೆ ಪಂಕ್ತಿಯಲ್ಲಿ ಪಾಯಸ ಬಡಿಸಿದಂತೆ ಸಮನಾಗಿ ಹಂಚಿದ್ದರಿಂದಲೇ ನಿಮ್ಮ ನೆರೆಯವರಂಥವರು ಕೇಳಿದಾಗ ನಮ್ಮವರು ತಡವರಿಸುತ್ತಾರೆ.

ನಿಮ್ಮ ಮಗಳು ಬರೆದದ್ದು ಸರಿ. ಹಾಗಂತ ನೆರೆಯವರು ಸುಳ್ಳುಗಾರರಾಗುವುದಿಲ್ಲ. ಕೇಳಿ ಬೆಳೆದದ್ದನ್ನು ಹೇಳಿದ್ದಾರೆ, ಅದರಲ್ಲೂ ತಮ್ಮ ಮನೆತನದ ಬಗ್ಗೆ ಹೇಳಿದ್ದು ನಿಜವೇ ಇರಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ಗುಲಾಮಗಿರಿ ಅಂದ ಕೂಡಲೇ ಜೀತ ಕಣ್ಣಿಗೆ ಕಟ್ಟುತ್ತದೆ. ಜೀತದ ಕ್ರೌರ್ಯ ಕಡಿಮೆಯದಲ್ಲ, ಆದರೆ ಅಲ್ಲಿ ಹೆಸರಿಗಾದರೂ ಒಂದು ಸಾಲದ ಲೆಕ್ಕ ಇರುತ್ತಿತ್ತು. ಅಮೆರಿಕದಲ್ಲಿ ಮನುಷ್ಯನೇ ಆಸ್ತಿ. ಅಡವಿಡಬಹುದು, ಹರಾಜಿಗೆ ನಿಲ್ಲಿಸಬಹುದು, ಮಗಳ ಮದುವೆಗೆ ಬಳುವಳಿ ಕೊಡಬಹುದು, ಸಾಲ ಹೆಚ್ಚಾದರೆ ಗಂಡನನ್ನು ಒಬ್ಬರಿಗೆ, ಹೆಂಡತಿಯನ್ನು ಇನ್ನೊಬ್ಬರಿಗೆ ಮಾರಬಹುದು. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಅಂತ ನೀವಿರುವ ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಅಪ್ಪ ಯಜಮಾನನೇ ಆಗಿದ್ದರೂ ಅಷ್ಟೇ.

1787ರಲ್ಲಿ ಸಂವಿಧಾನ ಬರೆಯಲು ಕೂತವರಿಗೆ ಈ ವಿಷಯದಲ್ಲಿ ನಾಚಿಕೆ ಇತ್ತು. ಗುಲಾಮ ಎಂಬ ಪದವನ್ನೇ ಬಳಸದೆ ಸುತ್ತಿ ಬಳಸಿ ಬರೆದರು. ಆದರೆ ಕೊಡಬೇಕಾದದ್ದನ್ನೆಲ್ಲ ಕೊಟ್ಟರು. ಪ್ರತಿನಿಧಿ ಸಭೆಯ ಸ್ಥಾನ ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿದರು. ಓಟಿಲ್ಲದ ಜನರ ತಲೆ ಎಣಿಸಿ ಅವರ ಒಡೆಯರಿಗೆ ಹೆಚ್ಚು ಸೀಟು ಸಿಕ್ಕಿತು. ಓಡಿಹೋದ ಗುಲಾಮ ಯಾವ ರಾಜ್ಯದಲ್ಲಿ ಸಿಕ್ಕರೂ ಒಡೆಯನಿಗೆ ಒಪ್ಪಿಸಬೇಕು ಅಂತಲೂ ಬರೆದರು. ಕಾಲ ಕಳೆದಂತೆ ಇದು ತಾನಾಗಿ ಸವೆದುಹೋದೀತು ಎಂಬ ಆಸೆ ಹಲವರಿಗಿತ್ತು.

ಆ ಆಸೆಯನ್ನು ಕೆಡಿಸಿದ್ದು ಹತ್ತಿ. ನೀವು ಗದಗದವರು, ಅರಳೆಯಿಂದ ಕಾಳು ಬಿಡಿಸುವುದು ಎಂಥ ಬೇಸರದ ಕೆಲಸ ಅಂತ ಮನೆಯ ಹಿರಿಯರಿಂದ ಕೇಳಿರುತ್ತೀರಿ. ಅಮೆರಿಕದ ಒಳನಾಡಿನಲ್ಲಿ ಬೆಳೆಯುತ್ತಿದ್ದ ಗಿಡ್ಡ ಎಳೆಯ ಹತ್ತಿಯಲ್ಲಂತೂ ಕಾಳು ಬಿಡದೆ ಅಂಟಿಕೊಂಡಿರುತ್ತಿತ್ತು. 1793ರಲ್ಲಿ ಎಲಿ ವಿಟ್ನಿ ಎಂಬಾತ ಕಾಳು ಬಿಡಿಸುವ ಯಂತ್ರ ಮಾಡಿದ್ದೇ ತಡ, ಜಾರ್ಜಿಯಾದಿಂದ ಟೆಕ್ಸಾಸ್‌ವರೆಗೆ ಹತ್ತಿಯ ಹೊಲಗಳು ಹಬ್ಬಿದವು. ಕಾಳು ಬಿಡಿಸಲು ಯಂತ್ರ ಬಂತು, ಹೊಲದಲ್ಲಿ ಹತ್ತಿ ಬಿಡಿಸಲು ಮನುಷ್ಯರ ಕೈಯೇ ಬೇಕಾಯಿತು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರಲ್ಲಿ 39 ಲಕ್ಷ ದಾಟಿದ್ದರು. ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ. ಗಟ್ಟಿಮುಟ್ಟಾದ ಹೊಲದಾಳಿನ ಬೆಲೆ 1,500 ಡಾಲರ್‌ನ ಸುತ್ತಮುತ್ತ. ಎಲ್ಲ ಗುಲಾಮರ ಒಟ್ಟು ‘ಬೆಲೆ’ ಸುಮಾರು 350 ಕೋಟಿ ಡಾಲರ್ ಅಂತ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಆ ದೇಶದ ರೈಲ್ವೆ, ಕಾರ್ಖಾನೆಗಳಲ್ಲಿ ತೊಡಗಿಸಿದ್ದ ಬಂಡವಾಳವೆಲ್ಲ ಕೂಡಿದರೂ ಅಷ್ಟಾಗುತ್ತಿರಲಿಲ್ಲ. ಇಷ್ಟು ದೊಡ್ಡ ಗಂಟನ್ನು ಯಾರೂ ನೈತಿಕತೆಯ ಉಪನ್ಯಾಸ ಕೇಳಿ ಬಿಟ್ಟುಕೊಟ್ಟದ್ದಿಲ್ಲ.

ಇನ್ನು ಜಗಳಕ್ಕೆ ಬರೋಣ. ಎಪ್ಪತ್ತು ವರ್ಷ ಇವರು ಬೈದಾಡಿಕೊಂಡೇ ಒಟ್ಟಿಗಿದ್ದರು. ಊರಿನಲ್ಲಿ ಎಷ್ಟೇ ವ್ಯಾಜ್ಯ ಇರಲಿ, ಕೂತು ಮಾತಾಡಲು ಒಂದು ಕಟ್ಟೆ, ಎರಡೂ ಕಡೆಯವರು ತಲೆಬಾಗುವ ಒಬ್ಬ ಹಿರಿಯ ಇರುವ ತನಕ ಬಡಿಗೆ ಹೊರಬರುವುದಿಲ್ಲ. ಅಮೆರಿಕದಲ್ಲಿ ಅಂಥ ಕಟ್ಟೆಗಳು ಒಂದೊಂದಾಗಿ ಕುಸಿದವು. ಎಂಟು ಕಾರಣದ ಪಟ್ಟಿ ಬಿಟ್ಟು ಯಾವ ಕಟ್ಟೆ ಯಾವಾಗ ಬಿತ್ತು ಅಂತ ಬರೆಯಿರಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಯಾರೂ ಬರೆಯಲಿಲ್ಲ, ಗೈಡಿನಲ್ಲಿ ಇರಲಿಲ್ಲವಲ್ಲ.

ಮೊದಲ ದೊಡ್ಡ ರಾಜಿ 1820ರದು. ಮಿಸೌರಿ ಗುಲಾಮಗಿರಿಯ ರಾಜ್ಯವಾಗಿ ಒಳಗೆ ಬಂತು, ತೂಕ ಸರಿದೂಗಿಸಲು ಮೇನ್ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಬಂತು. ಪಶ್ಚಿಮದ ಉಳಿದ ನೆಲದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶವೇ ಗಡಿ, ಅದರ ಉತ್ತರಕ್ಕೆ ಗುಲಾಮಗಿರಿ ಕೂಡದು. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡು ಬದು ಹಾಕಿದ ಹಾಗೆ. ಬದು ನಿಲ್ಲುತ್ತಿತ್ತೇನೋ, ಆದರೆ ಹೊಲ ಬೆಳೆಯುತ್ತಲೇ ಹೋಯಿತು. 1848ರಲ್ಲಿ ಮೆಕ್ಸಿಕೊವನ್ನು ಸೋಲಿಸಿ ಕ್ಯಾಲಿಫೋರ್ನಿಯಾದವರೆಗಿನ ನೆಲ ಕಿತ್ತುಕೊಂಡಾಗ ಹಳೆಯ ಪ್ರಶ್ನೆ ಮತ್ತೆ ಎದ್ದು ಕೂತಿತು. ಹೊಸ ರಾಜ್ಯ ಅಂದರೆ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಎರಡು ಹೊಸ ಕುರ್ಚಿ. ಆ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ 350 ಕೋಟಿಯ ಗಂಟಿನ ಭದ್ರತೆ ನಿಂತಿತ್ತು.

ಅಷ್ಟರಲ್ಲಿ ಸಣ್ಣ ಕಟ್ಟೆಗಳು ಬಿದ್ದಾಗಿತ್ತು. 1835ರಲ್ಲಿ ಚಾರ್ಲ್‌ಸ್ಟನ್ ಊರಿನ ಅಂಚೆ ಕಚೇರಿಗೆ ಜನ ನುಗ್ಗಿ, ಗುಲಾಮಗಿರಿ ವಿರೋಧಿಸುವ ಕರಪತ್ರಗಳನ್ನು ಹೊತ್ತೊಯ್ದು ಸುಟ್ಟರು. ಮರುವರ್ಷದಿಂದ 1844ರವರೆಗೆ ಪ್ರತಿನಿಧಿ ಸಭೆಯಲ್ಲಿ ಈ ವಿಷಯದ ಅರ್ಜಿಗಳನ್ನು ಚರ್ಚಿಸುವುದಕ್ಕೇ ತಡೆ ಇತ್ತು. ಮೆಥಡಿಸ್ಟ್ ಚರ್ಚು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಇದೇ ವಿಷಯಕ್ಕೆ ಉತ್ತರ, ದಕ್ಷಿಣ ಅಂತ ಒಡೆದರು. ಒಂದೇ ಬೈಬಲ್ಲು, ಎರಡು ವ್ಯಾಖ್ಯಾನ.

1850ರಲ್ಲಿ ಇನ್ನೊಂದು ರಾಜಿ ಆಯಿತು. ಅದರ ಒಂದು ಭಾಗವಾಗಿ ಬಂದದ್ದು ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾಯ್ದೆ. ಇದನ್ನು ನಿಮ್ಮ ಮಗಳು ಗಮನವಿಟ್ಟು ಓದಲಿ. ಸಿಕ್ಕಿಬಿದ್ದವನಿಗೆ ಜ್ಯೂರಿ ವಿಚಾರಣೆ ಇಲ್ಲ, ತನ್ನ ಪರ ತಾನೇ ಸಾಕ್ಷಿ ಹೇಳುವಂತಿಲ್ಲ. ತೀರ್ಪು ಕೊಡುವ ಕಮಿಷನರಿಗೆ ‘ಇವನು ಗುಲಾಮನೇ’ ಅಂದರೆ 10 ಡಾಲರ್ ಫೀ, ‘ಅಲ್ಲ, ಬಿಟ್ಟುಬಿಡಿ’ ಅಂದರೆ 5 ಡಾಲರ್! ಕಾಗದದ ಕೆಲಸ ಜಾಸ್ತಿ ಅಂತ ಅದಕ್ಕೊಂದು ಸಮಜಾಯಿಷಿಯೂ ಇತ್ತು. ದಾರಿಹೋಕರನ್ನೂ ಹಿಡಿಯಲು ನೆರವಾಗಿ ಅಂತ ಕರೆಯಬಹುದಾಗಿತ್ತು, ಬಚ್ಚಿಟ್ಟವರಿಗೆ ದಂಡ, ಜೈಲು. ಅಲ್ಲಿಯವರೆಗೆ ಉತ್ತರದ ಸಾಮಾನ್ಯ ಮನುಷ್ಯನಿಗೆ ಗುಲಾಮಗಿರಿ ದೂರದ ಸುದ್ದಿ. ಈ ಕಾಯ್ದೆ ಅದನ್ನು ಅವನ ಓಣಿಗೆ ತಂದು ನಿಲ್ಲಿಸಿತು.

ಆಂಟನಿ ಬರ್ನ್ಸ್ ನಿಮ್ಮ ರಿಚ್‌ಮಂಡ್‌ನಲ್ಲೇ ಬಾಡಿಗೆ ದುಡಿಮೆಗಿದ್ದ ಗುಲಾಮ. ಹಡಗಿನಲ್ಲಿ ಅಡಗಿ ಬಾಸ್ಟನ್ ಸೇರಿದ. 1854ರ ಮೇ ತಿಂಗಳಲ್ಲಿ ಅಲ್ಲಿ ಸಿಕ್ಕಿಬಿದ್ದ. ಅವನನ್ನು ಬಿಡಿಸಲು ಜನ ಕೋರ್ಟಿನ ಬಾಗಿಲು ಮುರಿಯಲು ಹೋದರು, ಗದ್ದಲದಲ್ಲಿ ಕಾವಲಿಗಿದ್ದ ಒಬ್ಬ ಸತ್ತ. ಜೂನ್ 2ರಂದು ಒಬ್ಬನೇ ಒಬ್ಬ ಇಪ್ಪತ್ತರ ಹುಡುಗನನ್ನು ಬಂದರಿಗೆ ನಡೆಸಿಕೊಂಡು ಹೋಗಲು ಸೈನಿಕರನ್ನು ಸಾಲಾಗಿ ನಿಲ್ಲಿಸಬೇಕಾಯಿತು. ಅಂಗಡಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು, ಬೀದಿಯ ಮೇಲೆ ಒಂದು ಶವಪೆಟ್ಟಿಗೆ ತೂಗುಹಾಕಿ ಅದರ ಮೇಲೆ ‘ಸ್ವಾತಂತ್ರ್ಯ’ ಅಂತ ಬರೆದಿದ್ದರು. ಆಮೋಸ್ ಲಾರೆನ್ಸ್ ಎಂಬ ಜವಳಿ ವ್ಯಾಪಾರಿ, ದಕ್ಷಿಣದ ಹತ್ತಿಯ ಮೇಲೇ ಬದುಕಿದ್ದ ಕುಟುಂಬದವನು, ರಾತ್ರಿ ಮಲಗುವಾಗ ನಾವು ರಾಜಿಪರ ಜನ, ಬೆಳಿಗ್ಗೆ ಏಳುವಾಗ ಗುಲಾಮಗಿರಿಯ ಕಡು ವಿರೋಧಿಗಳು ಅಂತ ಬರೆದುಕೊಂಡ. ಬಾಸ್ಟನ್‌ನ ಕಪ್ಪು ಜನರ ಚರ್ಚೊಂದು ಹಣ ಕೂಡಿಸಿ 1,300 ಡಾಲರ್ ಕೊಟ್ಟು ಬರ್ನ್ಸ್‌ನನ್ನು ಬಿಡಿಸಿತು. ಕೊನೆಗೆ ಆತ ಕೆನಡಾದಲ್ಲಿ ಪಾದ್ರಿಯಾದ.

ಅದೇ ವಾರ 1820ರ ಬದುವನ್ನೂ ಕಿತ್ತು ಹಾಕಿದರು. ಕಾನ್ಸಾಸ್, ನೆಬ್ರಾಸ್ಕಾಗಳಲ್ಲಿ ಗುಲಾಮಗಿರಿ ಬೇಕೋ ಬೇಡವೋ ಅಂತ ಅಲ್ಲಿ ನೆಲೆಸಿದವರೇ ಓಟು ಹಾಕಿ ತೀರ್ಮಾನಿಸಲಿ ಅಂದರು ಸೆನೆಟರ್ ಸ್ಟೀಫನ್ ಡಗ್ಲಸ್. ಕೇಳಲು ಎಷ್ಟು ಚಂದ! ಆದದ್ದೇನು? ಪಕ್ಕದ ಮಿಸೌರಿಯಿಂದ ಬಂದೂಕು ಹಿಡಿದು ಗಡಿ ದಾಟಿ ಬಂದು ಓಟು ಹಾಕಿ ಹೋದರು. ಉತ್ತರದವರು ರೈಫಲ್ ಕೊಟ್ಟು ತಮ್ಮ ಜನರನ್ನು ಕಳಿಸಿದರು. ಒಂದೇ ನೆಲಕ್ಕೆ ಎರಡು ಶಾಸನಸಭೆ. 1856ರ ಮೇ 21ರಂದು ಲಾರೆನ್ಸ್ ಎಂಬ ಊರನ್ನು ಗುಲಾಮಗಿರಿಯ ಪರದವರು ಕೊಳ್ಳೆ ಹೊಡೆದರು. ಮೇಲೆ ಹೇಳಿದ ಆ ವ್ಯಾಪಾರಿಯದೇ ಹೆಸರಿನ ಊರು ಅದು. ಮೇ 24ರ ರಾತ್ರಿ ಜಾನ್ ಬ್ರೌನ್ ಮತ್ತು ಜೊತೆಯವರು ಎದುರು ಪಕ್ಷದ ಐವರನ್ನು ಮನೆಯಿಂದ ಎಳೆದು ಕತ್ತಿಯಿಂದ ಕೊಚ್ಚಿದರು.

ಈ ಎರಡರ ನಡುವೆ, ಮೇ 22ರಂದು, ಸೆನೆಟ್ ಸಭಾಂಗಣದಲ್ಲೇ ರಕ್ತ ಬಿತ್ತು. ಕಾನ್ಸಾಸ್ ಬಗ್ಗೆ ಖಾರವಾಗಿ ಮಾತಾಡಿ ದಕ್ಷಿಣ ಕೆರೊಲಿನಾದ ಸೆನೆಟರೊಬ್ಬರನ್ನು ಮೂದಲಿಸಿದ್ದ ಉತ್ತರದ ಸೆನೆಟರ್ ಚಾರ್ಲ್ಸ್ ಸಮ್ನರ್ ತಮ್ಮ ಮೇಜಿನಲ್ಲಿ ಬರೆಯುತ್ತ ಕೂತಿದ್ದರು. ಆ ಸೆನೆಟರಿನ ಬಂಧು, ಪ್ರತಿನಿಧಿ ಸಭೆಯ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಬಂದು ಚಿನ್ನದ ಹಿಡಿಯ ಬೆತ್ತದಿಂದ ತಲೆಗೆ ಬಾರಿಸತೊಡಗಿದ. ಮೇಜನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿತ್ತು. ಕಾಲು ಸಿಕ್ಕಿಕೊಂಡಿದ್ದ ಸಮ್ನರ್ ಅದನ್ನು ಕಿತ್ತೆಬ್ಬಿಸಿಯೇ ಎದ್ದರು. ಬೆತ್ತ ತುಂಡಾಗುವ ತನಕ ಹೊಡೆತ ನಿಲ್ಲಲಿಲ್ಲ. ನನಗೆ ಆ ಹೊಡೆತಕ್ಕಿಂತ ಮುಖ್ಯ ಅನ್ನಿಸುವುದು ಆಮೇಲಿನದು. ದಕ್ಷಿಣದ ಊರೂರುಗಳಿಂದ ಬ್ರೂಕ್ಸ್‌ಗೆ ಹೊಸ ಬೆತ್ತಗಳು ಉಡುಗೊರೆ ಬಂದವು. ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯ, ಗಾಯ ಮಾಯದೆ ಸಭೆಗೆ ಬರಲಾಗದ ಸಮ್ನರ್‌ರನ್ನೇ ಮತ್ತೆ ಆರಿಸಿ ಆ ಕುರ್ಚಿಯನ್ನು ಖಾಲಿ ಇಟ್ಟುಕೊಂಡಿತು.

ನ್ಯಾಯಾಲಯದ ಕಟ್ಟೆ ಬಿದ್ದದ್ದು 1857ರ ಮಾರ್ಚ್ 6ರಂದು. ತನ್ನ ಬಿಡುಗಡೆಗೆ ಕೋರ್ಟು ಹತ್ತಿದ್ದ ಗುಲಾಮ ಡ್ರೆಡ್ ಸ್ಕಾಟ್‌ನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ರಾಜರ್ ಟೇನಿ, ಕಪ್ಪು ಜನ ಅಮೆರಿಕದ ನಾಗರಿಕರೇ ಆಗಲಾರರು, ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿ ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಇಲ್ಲ ಅಂತ ತೀರ್ಪು ಬರೆದರು. ವಿವಾದ ಇನ್ನು ಮುಗಿಯಿತು ಅಂತ ಅವರೆಣಿಕೆ. ಆದರೆ ಈ ನಿಷೇಧಕ್ಕೆಂದೇ ಹುಟ್ಟಿದ್ದ ರಿಪಬ್ಲಿಕನ್ ಪಕ್ಷಕ್ಕೆ ಅದರ ಕಾರ್ಯಕ್ರಮವೇ ಕಾನೂನುಬಾಹಿರ ಅಂತ ಹೇಳಿದಂತಾಯಿತು. ಆ ಕಟ್ಟೆಗೆ ಅವರು ಮತ್ತೆ ತಲೆಬಾಗುತ್ತಾರೆಯೇ? 1859ರಲ್ಲಿ ಜಾನ್ ಬ್ರೌನ್ ಗುಲಾಮರನ್ನು ದಂಗೆ ಎಬ್ಬಿಸಲೆಂದು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ, ಸಿಕ್ಕಿಬಿದ್ದು, ಗಲ್ಲಿಗೇರಿದ. ಉತ್ತರದಲ್ಲಿ ಕೆಲವರು ಅವನಿಗಾಗಿ ಗಂಟೆ ಬಾರಿಸಿದ್ದು ದಕ್ಷಿಣದವರ ಕಿವಿಗೆ ಬಿತ್ತು. 1860ರಲ್ಲಿ ಎರಡೂ ಕಡೆ ಬೇರಿದ್ದ ಕೊನೆಯ ದೊಡ್ಡ ಪಕ್ಷ ಡೆಮಾಕ್ರಟಿಕ್, ಅದೂ ಒಡೆಯಿತು. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಒಂದೇ ಒಂದು ಓಟು ಪಡೆಯದೆ, ದೇಶದ ಒಟ್ಟು ಓಟಿನಲ್ಲಿ ಶೇ 40ರಷ್ಟು ಪಡೆದು, ಸಂವಿಧಾನದ ಪ್ರಕಾರವೇ ರಿಪಬ್ಲಿಕನ್ ಪಕ್ಷದ ಲಿಂಕನ್ ಅಧ್ಯಕ್ಷರಾಗಿ ಗೆದ್ದರು. ಡಿಸೆಂಬರ್ 20ಕ್ಕೆ ದಕ್ಷಿಣ ಕೆರೊಲಿನಾ ಒಕ್ಕೂಟ ಬಿಟ್ಟಿತು. ಲಿಂಕನ್ ಪ್ರಮಾಣವಚನದ ಹೊತ್ತಿಗೆ ಹೊರಗೆ ಹೋದವು ಏಳು. 1861ರ ಏಪ್ರಿಲ್ 12ರಂದು ಚಾರ್ಲ್‌ಸ್ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ತೋಪು ಹಾರಿತು, ಲಿಂಕನ್ 75,000 ಜನರ ಸೇನೆ ಕೇಳಿದರು, ವರ್ಜೀನಿಯಾ ಸೇರಿ ಇನ್ನೂ ನಾಲ್ಕು ಹೋದವು.

ಈಗ ನಿಮ್ಮ ನೆರೆಯವರ ಮಾತು. ರಾಜ್ಯಗಳ ಹಕ್ಕು ಅಂದರಲ್ಲ, ಯಾವುದರ ಹಕ್ಕು ಅಂತ ಕೇಳುವುದು ಒಂದು ದಾರಿ. ಅದು ವಾದಕ್ಕೆ ಎಳೆಯುತ್ತದೆ, ಗಿಡಕ್ಕೆ ನೀರು ಹಾಕುವವರ ಜೊತೆ ಅದು ಬೇಡ ಅನ್ನಿಸಿದರೆ ನಾಲ್ಕು ಕಾಗದ ತೋರಿಸಿ. ದಕ್ಷಿಣ ಕೆರೊಲಿನಾ, ಮಿಸಿಸಿಪಿ, ಜಾರ್ಜಿಯಾ, ಟೆಕ್ಸಾಸ್ ಈ ನಾಲ್ಕೂ ತಾವು ಯಾಕೆ ಬಿಟ್ಟು ಹೋಗುತ್ತಿದ್ದೇವೆ ಅಂತ ಬರೆದು ಪ್ರಕಟಿಸಿದವು. ಮಿಸಿಸಿಪಿಯದಂತೂ ಶುರುವಿನಲ್ಲೇ, ನಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಪೂರ್ತಿ ಬೆರೆತದ್ದು ಅಂತ ಸಾರುತ್ತದೆ. ದಕ್ಷಿಣ ಕೆರೊಲಿನಾದ ದೂರು ಇನ್ನೂ ಸ್ವಾರಸ್ಯದ್ದು. ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿ ಓಡಿಬಂದ ಗುಲಾಮರನ್ನು ಒಪ್ಪಿಸುತ್ತಿಲ್ಲ, ನ್ಯೂಯಾರ್ಕ್ ತನ್ನ ನೆಲದ ಮೂಲಕ ಗುಲಾಮನನ್ನು ಕರೆದೊಯ್ಯಲೂ ಬಿಡುವುದಿಲ್ಲ! ಅಂದರೆ ನ್ಯೂಯಾರ್ಕ್ ಚಲಾಯಿಸಿದ ರಾಜ್ಯದ ಹಕ್ಕೇ ಅವರಿಗೆ ಅಪರಾಧವಾಗಿ ಕಂಡಿತ್ತು.

ಸುಂಕದ ಮಾತು 1832ರ ಸುಮಾರಿಗೆ ನಿಜ. ಆಗ ದಕ್ಷಿಣ ಕೆರೊಲಿನಾ ಸುಂಕಕ್ಕೇ ತಿರುಗಿಬಿದ್ದಿತ್ತು. ಆದರೆ 1857ರಲ್ಲಿ ಸುಂಕ ಇಳಿದಿತ್ತು, ಇಳಿಸಿದವರಲ್ಲಿ ದಕ್ಷಿಣದವರೂ ಇದ್ದರು. ಮತ್ತೆ ಏರಿಸಿದ ಕಾಯ್ದೆ ಸಹಿಯಾದದ್ದು 1861ರ ಮಾರ್ಚ್ 2ಕ್ಕೆ, ಏಳು ರಾಜ್ಯಗಳು ಎದ್ದು ಹೋದ ಮೇಲೆ.

ಹಿರೀಕರ ಮಾತನ್ನು ಮಾತ್ರ ಗೌರವದಿಂದ ಕೇಳಬೇಕು. ಹೊರಗೆ ಹೋದ ಹನ್ನೊಂದು ರಾಜ್ಯಗಳಲ್ಲಿ ಹತ್ತು ಬಿಳಿಯ ಕುಟುಂಬಗಳಿಗೆ ಮೂರರ ಲೆಕ್ಕದಲ್ಲಿ ಗುಲಾಮರಿದ್ದರು, ಏಳಕ್ಕೆ ಇರಲಿಲ್ಲ. ಇಲ್ಲದವರು ಊರಿನ ಮೇಲೆ ದಂಡು ಬಂತು ಅಂತ ಹೋದರು, ಜೊತೆಗಾರರು ಹೋದರೆಂದು ಹೋದರು, 1862ರ ಏಪ್ರಿಲ್ ನಂತರ ಕಡ್ಡಾಯ ಭರ್ತಿಗೆ ಸಿಕ್ಕಿ ಹೋದರು. ಅದೇ ವರ್ಷ ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ಭರ್ತಿಯಿಂದ ವಿನಾಯಿತಿ ಕೊಟ್ಟರು. ಸಾಹುಕಾರರ ಯುದ್ಧ, ಬಡವರ ಹೋರಾಟ ಅಂತ ಆಗಿನ ಸಿಪಾಯಿಗಳೇ ಗೊಣಗಿದರು. ಸಿಪಾಯಿ ಯಾಕೆ ಹೋದ ಅನ್ನುವುದು ಒಂದು ಪ್ರಶ್ನೆ, ಅವನನ್ನು ಕರೆದ ಸರ್ಕಾರ ಯಾಕೆ ಹುಟ್ಟಿತು ಅನ್ನುವುದು ಬೇರೆ. ನಿಮ್ಮ ರಾಜ್ಯದ್ದೇ ಪುರಾವೆ ನೋಡಿ: ವರ್ಜೀನಿಯಾದ ಪಶ್ಚಿಮದ ಗುಡ್ಡಗಾಡಿನಲ್ಲಿ ಗುಲಾಮರು ಕಡಿಮೆ. ಆ ಜನ ಒಕ್ಕೂಟ ಬಿಡಲು ಒಪ್ಪದೆ 1863ರಲ್ಲಿ ಪಶ್ಚಿಮ ವರ್ಜೀನಿಯಾ ಅಂತ ಬೇರೆ ರಾಜ್ಯವನ್ನೇ ಕಟ್ಟಿಕೊಂಡರು.

ಹಾಗಾದರೆ ಅವರು ಕೇಳಿ ಬೆಳೆದ ಕಥೆ ಬಂದದ್ದೆಲ್ಲಿಂದ? ಹೊರಗೆ ಹೋದ ರಾಜ್ಯಗಳು ಕಟ್ಟಿಕೊಂಡ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂತ ಬಹಿರಂಗ ಭಾಷಣ ಮಾಡಿದ್ದರು. ಸೋತ ಮೇಲೆ ಅವರೇ ಕೂತು ದಪ್ಪ ಪುಸ್ತಕ ಬರೆದು ಎಲ್ಲವೂ ಸಂವಿಧಾನದ ವ್ಯಾಖ್ಯಾನದ ಜಗಳ ಅಂದರು. ಮಕ್ಕಳು ಮೊಮ್ಮಕ್ಕಳು ಸಂಘ ಕಟ್ಟಿ ಶಾಲೆಯ ಪಠ್ಯಗಳ ಮೇಲೆ ಕಣ್ಣಿಟ್ಟರು, ಪ್ರತಿಮೆ ನಿಲ್ಲಿಸಿದರು. ನಿಮ್ಮ ಊರಿನಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಪ್ರತಿಮೆ ಎದ್ದದ್ದು 1890ರಲ್ಲಿ, ಇಳಿದದ್ದು 2021ರ ಸೆಪ್ಟೆಂಬರ್‌ನಲ್ಲಿ. ನೂರಾ ಮೂವತ್ತು ವರ್ಷ ಕುದುರೆಯ ಮೇಲೆ ಕೂತು ಹೇಳಿದ ಕಥೆ ಒಂದು ಪ್ರಾಜೆಕ್ಟಿಗೆ ಅಳಿಸಿಹೋಗುವುದಿಲ್ಲ.

ಉತ್ತರದವರು ಸಂತರಾಗಿದ್ದರು ಅಂತಲೂ ಮಗಳು ಬರೆಯಬಾರದು. ಇಲಿನಾಯ್, ಇಂಡಿಯಾನಾಗಳಲ್ಲಿ ಹೊರಗಿನ ಕಪ್ಪು ಜನ ಬಂದು ನೆಲೆಸುವುದಕ್ಕೇ ನಿಷೇಧವಿತ್ತು. ನ್ಯೂಯಾರ್ಕಿನ ವ್ಯಾಪಾರಕ್ಕೆ ಹತ್ತಿಯೇ ಜೀವ. 1861ರ ಜನವರಿಯಲ್ಲಿ ಅಲ್ಲಿನ ಮೇಯರ್, ನಮ್ಮ ನಗರವೂ ಒಕ್ಕೂಟ ಬಿಟ್ಟು ಸ್ವತಂತ್ರವಾಗಲಿ ಅಂತ ಸಲಹೆ ಕೊಟ್ಟರು. ಹೆಚ್ಚಿನ ಉತ್ತರದವರು ಕೇಳಿದ್ದು ಹೊಸ ನೆಲಕ್ಕೆ ಗುಲಾಮಗಿರಿ ಬರಬಾರದು ಅಂತ ಮಾತ್ರ. ಅಷ್ಟನ್ನೂ ದಕ್ಷಿಣ ಸಹಿಸಲಿಲ್ಲ.

ಲಿಂಕನ್‌ರ ಪತ್ರ ನಿಜವಾದದ್ದೇ. 1862ರ ಆಗಸ್ಟ್ 22ರಂದು ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ, ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುವೆ, ಎಲ್ಲರನ್ನೂ ಬಿಡಿಸಿ ಉಳಿಯುವುದಾದರೆ ಹಾಗೂ ಮಾಡುವೆ ಅಂತ ಬರೆದರು. ಮೊದಲ ಅರ್ಧ ಮಾತ್ರ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತದೆ. ಅದಕ್ಕೆ ಒಂದು ತಿಂಗಳ ಹಿಂದೆಯೇ, ಜುಲೈ 22ರಂದು, ವಿಮೋಚನೆಯ ಘೋಷಣೆಯ ಕರಡನ್ನು ಅವರು ಸಂಪುಟದ ಮುಂದೆ ಓದಿಯಾಗಿತ್ತು. ಯುದ್ಧದಲ್ಲಿ ಒಂದು ಗೆಲುವು ಬರಲಿ ಅಂತ ಅದು ಒಳಗೆ ಕಾಯುತ್ತಿತ್ತು. ಯುದ್ಧ ಶುರುವಾದಾಗ ಲಿಂಕನ್‌ರ ಗುರಿ ಒಕ್ಕೂಟವೇ, ಅದನ್ನು ಆಫೀಸಿನ ಗೆಳೆಯರಿಗೆ ಧಾರಾಳವಾಗಿ ಒಪ್ಪಿಕೊಳ್ಳಿ. ಒಕ್ಕೂಟವನ್ನು ಒಡೆದದ್ದು ಯಾವುದು ಎಂಬ ಪ್ರಶ್ನೆ ಮಾತ್ರ ಆಗಲೂ ಉಳಿಯುತ್ತದೆ.

ಮಗಳ ಪ್ರಶ್ನೆ ನನಗೆ ಎಲ್ಲಕ್ಕಿಂತ ಹಿಡಿಸಿತು. ದುಡ್ಡು ಕೊಡುವ ದಾರಿ ಗಾಳಿಮಾತಾಗಿರಲಿಲ್ಲ. ಬ್ರಿಟನ್ 1833ರ ಕಾಯ್ದೆಯಡಿ ತನ್ನ ವಸಾಹತುಗಳ ಸುಮಾರು 8 ಲಕ್ಷ ಗುಲಾಮರ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತ್ತು. ಬಿಡುಗಡೆಯಾದವರಿಗೆ ಬಿಡಿಗಾಸಿಲ್ಲ. ಆದರೆ ಬ್ರಿಟನ್ನಿನ ತೋಟದ ಒಡೆಯರು ಸಮುದ್ರದಾಚೆ, ಸಂಸತ್ತಿನಲ್ಲಿ ಬೆರಳೆಣಿಕೆಯ ಬಲದವರು. ಅಮೆರಿಕದಲ್ಲಿ ಅವರದು ಹೆಚ್ಚುಕಡಿಮೆ ಅರ್ಧ ಸೆನೆಟ್. ಲೆಕ್ಕವೂ ಸೇರುತ್ತಿರಲಿಲ್ಲ: 1860ರಲ್ಲಿ ಕೇಂದ್ರ ಸರ್ಕಾರದ ವರ್ಷದ ಖರ್ಚು ಸುಮಾರು 6.3 ಕೋಟಿ ಡಾಲರ್, ಕೊಡಬೇಕಿದ್ದದ್ದು 350 ಕೋಟಿ. ಐವತ್ತು ವರ್ಷಕ್ಕೂ ಹೆಚ್ಚಿನ ಬಜೆಟ್. ಕಂತಿನಲ್ಲಿ ಕೊಡೋಣ ಅಂತ ಲಿಂಕನ್ ಯತ್ನಿಸಿದರು. ಡೆಲವೇರ್ ರಾಜ್ಯದಲ್ಲಿ ಉಳಿದಿದ್ದದ್ದು 1,800ಕ್ಕಿಂತ ಕಡಿಮೆ ಗುಲಾಮರು, ಅಲ್ಲೇ ಮೊದಲು ಮಾಡೋಣ ಅಂದರು. ಆ ಪುಟ್ಟ ರಾಜ್ಯದ ಶಾಸಕರೂ ಒಪ್ಪಲಿಲ್ಲ. 1862ರ ಏಪ್ರಿಲ್‌ನಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಮಾತ್ರ, ತಲೆಗೆ 300 ಡಾಲರ್‌ವರೆಗೆ ಕೊಟ್ಟು ಸುಮಾರು 3,000 ಜನರನ್ನು ಬಿಡಿಸಿದರು. ಅದು ಕಾಂಗ್ರೆಸ್ಸಿನ ನೇರ ಆಡಳಿತದ ನೆಲ, ಕೇಳಬೇಕಾದವರು ಯಾರೂ ಇರಲಿಲ್ಲ.

ಬೇರೆ ದಾರಿಗಳಿದ್ದವು, ಎಲ್ಲದರಲ್ಲೂ ಮುಳ್ಳು. 1820ರ ಗೆರೆಯನ್ನು ಪೆಸಿಫಿಕ್‌ವರೆಗೆ ಎಳೆದು ಶಾಶ್ವತ ಮಾಡೋಣ ಅಂತ 1860ರ ಕೊನೆಗೆ ಸೆನೆಟರ್ ಕ್ರಿಟೆಂಡನ್ ತಂದ ಪ್ರಸ್ತಾಪ ಮುಂದೆ ಗಳಿಸುವ ನೆಲಕ್ಕೂ ಅನ್ವಯಿಸುತ್ತಿತ್ತು. ದಕ್ಷಿಣದ ಕಣ್ಣು ಆಗಲೇ ಕ್ಯೂಬಾ ಮೇಲಿತ್ತು. ಆ ರಾಜಿ ಒಪ್ಪಿದ್ದರೆ ಮುಂದಿನ ಯುದ್ಧ ಅಲ್ಲಿ ಆಗುತ್ತಿತ್ತೇನೋ. ಬಿಡುಗಡೆಯಾದವರನ್ನು ಆಫ್ರಿಕಾದ ಲೈಬೀರಿಯಾಕ್ಕೆ ಕಳಿಸುವ ಯೋಜನೆಯೂ ನಡೆಯಿತು. ತಲೆಮಾರುಗಳಿಂದ ಅಮೆರಿಕದಲ್ಲೇ ಹುಟ್ಟಿದವರು ‘ನಮ್ಮೂರು ಇದೇ’ ಅಂದರು, ಹೋದವರು ಹತ್ತು ಹದಿನೈದು ಸಾವಿರದಷ್ಟೇ. ಹೋಗುವವರನ್ನು ಹೋಗಲು ಬಿಡಿ ಅಂದವರೂ ಇದ್ದರು, ಮೊದಲಿಗೆ ಗ್ರೀಲಿಯೂ. ಬಿಟ್ಟಿದ್ದರೆ? ಮಿಸಿಸಿಪಿ ನದಿಯ ಬಾಯಿ ಪರದೇಶಕ್ಕೆ ಸೇರುತ್ತಿತ್ತು, ಸಾವಿರಾರು ಮೈಲಿ ಗಡಿಯುದ್ದಕ್ಕೂ ಗುಲಾಮರು ದಾಟಿ ಬರುತ್ತಲೇ ಇರುತ್ತಿದ್ದರು. ಆ 39 ಲಕ್ಷ ಜನರ ಬಿಡುಗಡೆ ಎಷ್ಟು ತಲೆಮಾರು ಮುಂದೆ ಹೋಗುತ್ತಿತ್ತೋ. ಸತ್ತವರು ಹಳೆಯ ಲೆಕ್ಕದಲ್ಲಿ 6.2 ಲಕ್ಷ, ಈಚಿನ ಅಂದಾಜುಗಳಲ್ಲಿ 7ರಿಂದ 7.5 ಲಕ್ಷ. ಇಷ್ಟು ಸಾವಿಲ್ಲದೆ ಆಗಬಹುದಿತ್ತೇ ಅಂತ ಮಗಳು ಕೇಳುವುದು ಸರಿ. ಯುದ್ಧವಾಗದಿದ್ದರೆ ಆ ಬೆಲೆಯನ್ನು ಯಾರು ತೆರುತ್ತಿದ್ದರು ಅಂತಲೂ ಅವಳು ಜೊತೆಗೇ ಕೇಳಿಕೊಳ್ಳಲಿ.

ಒಂದು ಪಕ್ಕದ ಮಾತು ಹೇಳದೆ ಇರಲಾರೆ. ಹತ್ತಿಯೇ ರಾಜ, ನಮ್ಮ ಹತ್ತಿ ನಿಂತರೆ ಬ್ರಿಟನ್ ಓಡಿ ಬಂದು ನಮ್ಮ ಪರ ನಿಲ್ಲುತ್ತದೆ ಅಂತ ದಕ್ಷಿಣದ ನಾಯಕರು ನಂಬಿದ್ದರು. ಲಿಂಕನ್ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಬ್ರಿಟನ್ ಓಡಿದ್ದು ಈಜಿಪ್ಟಿಗೆ, ಭಾರತಕ್ಕೆ. ನಮ್ಮ ಧಾರವಾಡ ಸೀಮೆಯಲ್ಲಿ ಆಗಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು, ಧಾರವಾಡ-ಅಮೆರಿಕನ್ ಅಂತಲೇ ಅದರ ಹೆಸರು. ಬೆಲೆ ಗಗನಕ್ಕೇರಿತು. ಇಲ್ಲಿಯ ಹತ್ತಿ ಸಾಗಿಸಲೆಂದೇ ಕಾರವಾರ ಬಂದರು ಕಟ್ಟಲು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಒತ್ತಾಯ ಹಾಕಿದರು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಇದೇ. 1865ರಲ್ಲಿ ಯುದ್ಧ ನಿಂತಿತು, ಬೆಲೆ ಬಿತ್ತು. ನಿಮ್ಮ ಮನೆತನದಲ್ಲಿ ಹತ್ತಿ ವ್ಯಾಪಾರ ಇದ್ದರೆ ಹಿರಿಯರನ್ನು ಕೇಳಿ ನೋಡಿ.

ಕೊನೆಗೆ ನಿಮ್ಮ ಭಯ. ಟಿವಿಯ ಸದ್ದು ಅಳತೆಗೋಲಲ್ಲ. ಬ್ರೆಜಿಲ್‌ನಲ್ಲೂ ಗುಲಾಮಗಿರಿಯ ಜಗಳ ದಶಕಗಟ್ಟಲೆ ನಡೆಯಿತು, 1888ರಲ್ಲಿ ಯುದ್ಧವಿಲ್ಲದೆ ರದ್ದಾಯಿತು. ಅಲ್ಲಿ ಗುಲಾಮರ ಒಡೆಯರು ದೇಶದ ತುಂಬ ಚದುರಿದ್ದರು, ಗೆರೆ ಎಳೆದು ‘ಇತ್ತ ನಾವು, ಅತ್ತ ನೀವು’ ಅನ್ನುವ ಹಾಗಿರಲಿಲ್ಲ. ಅಮೆರಿಕದಲ್ಲಿ ಒಂದೇ ಹಿತಾಸಕ್ತಿ ಒಂದೇ ಕಡೆ ಒತ್ತಾಗಿ ನೆಲೆಸಿತ್ತು. ಅದರ ಕೈಯಲ್ಲಿ ರಾಜ್ಯ ಸರ್ಕಾರಗಳು, ಖಜಾನೆ, ಸ್ವಂತ ಸೇನಾಪಡೆ ಇದ್ದವು. ಓಟಿನಲ್ಲಿ ಸೋತಾಗ ಮುಂದಿನ ಚುನಾವಣೆಗೆ ಕಾಯುತ್ತೇವೆ ಅನ್ನುವುದನ್ನು ಅದು ನಿಲ್ಲಿಸಿತು. ಇವೆಲ್ಲ ಒಂದೆಡೆ ಕೂಡುವುದು ಅಪರೂಪ. ನೀವು ಗಮನಿಸುವುದಾದರೆ ಕೂಗಾಟವನ್ನು ಬಿಟ್ಟು ಇದನ್ನು ಗಮನಿಸಿ: ಬ್ರೂಕ್ಸ್‌ನಂಥವನು ಎಲ್ಲ ಕಾಲದಲ್ಲೂ ಒಬ್ಬ ಇರುತ್ತಾನೆ, ಅವನಿಗೆ ಬೆತ್ತ ಕಳಿಸುವವರು ಎಷ್ಟು ಜನ?

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಫೋರ್ಟ್ ಮನ್ರೋಗೆ ಹೋಗಿಬನ್ನಿ, ಸಾಧ್ಯವಾದರೆ ನೆರೆಯವರನ್ನೂ ಕರೆಯಿರಿ. ನಿಮ್ಮಿಂದ ಒಂದೂವರೆ ತಾಸಿನ ದಾರಿ. 1861ರ ಮೇ 23ರಂದು ಒಕ್ಕೂಟ ಬಿಡುವುದಕ್ಕೆ ವರ್ಜೀನಿಯಾದ ಮತದಾರರು ಓಟು ಹಾಕಿದರು. ಅದೇ ರಾತ್ರಿ ಫ್ರಾಂಕ್ ಬೇಕರ್, ಶೆಪರ್ಡ್ ಮಲೋರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ದೋಣಿ ಹುಟ್ಟು ಹಾಕುತ್ತ ಒಕ್ಕೂಟದ ವಶದಲ್ಲಿದ್ದ ಈ ಕೋಟೆಗೆ ಬಂದರು. ಎದುರು ದಂಡೆಯಲ್ಲಿ ದಕ್ಷಿಣದ ತೋಪುಗಳಿಗೆ ದಿಬ್ಬ ಕಟ್ಟುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. ಮರುದಿನ ಬಿಳಿ ಬಾವುಟ ಹಿಡಿದು ಒಬ್ಬ ಮೇಜರ್ ಬಂದು, ಓಡಿಹೋದವರ ಕಾಯ್ದೆಯ ಪ್ರಕಾರ ಮೂವರನ್ನೂ ಒಪ್ಪಿಸಿ ಅಂದ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ, ಗುಲಾಮಗಿರಿಯ ವಿರೋಧಿಯೂ ಆಗಿರಲಿಲ್ಲ. ಆದರೆ ಪಾಯಿಂಟ್ ಸಿಕ್ಕರೆ ವಕೀಲ ಬಿಟ್ಟಾನೆಯೇ? ನೀವು ಈಗ ಬೇರೆ ದೇಶ ಅನ್ನುತ್ತೀರಿ, ಬೇರೆ ದೇಶಕ್ಕೆ ನಮ್ಮ ಕಾಯ್ದೆ ಹೇಗೆ ಅನ್ವಯಿಸುತ್ತದೆ, ಯುದ್ಧಕ್ಕೆ ಬಳಸಿದ ಸ್ವತ್ತು ಅಂತ ಇವರನ್ನು ಜಪ್ತಿ ಮಾಡಿದ್ದೇನೆ ಅಂದ. ಸುದ್ದಿ ಹಬ್ಬಿತು, ಹೆಂಗಸರು ಮಕ್ಕಳು ಸಮೇತ ಬಂದವರು ಎರಡೇ ತಿಂಗಳಲ್ಲಿ ಒಂಬೈನೂರರಷ್ಟಾದರು. ಲಿಂಕನ್‌ರ ಘೋಷಣೆಗೆ ಇನ್ನೂ ಒಂದೂವರೆ ವರ್ಷವಿತ್ತು.

ಕೋಟೆ ಇರುವ ದಡಕ್ಕೆ ಪಾಯಿಂಟ್ ಕಂಫರ್ಟ್ ಅಂತ ಹಳೆಯ ಹೆಸರು. 1619ರಲ್ಲಿ ವರ್ಜೀನಿಯಾಕ್ಕೆ ಮೊದಲ ಆಫ್ರಿಕನ್ನರನ್ನು ಹಡಗಿನಿಂದ ಇಳಿಸಿದ್ದು ಅದೇ ದಡದಲ್ಲಿ. ಪ್ರಾಜೆಕ್ಟಿನ ಮುಖಪುಟಕ್ಕೆ ಫೋಟೊ ಬೇಕಿದ್ದರೆ ಅವಳು ಅಲ್ಲೇ ತೆಗೆದುಕೊಳ್ಳಲಿ.